ಡಿಲೇ ಯಂತ್ರವನ್ನು ಆರಿಸುವ ಬಗೆ

ಸಂಘದ ವೇದಿಕೆಯಲ್ಲಿ ಭಾವಗೀತೆ ಹಾಡುವವರು, ಮನೆಯಲ್ಲಿ ಗಿಟಾರ್ ಅಭ್ಯಾಸ ಮಾಡುವ ಮಕ್ಕಳು, ಇವರೆಲ್ಲರ ಬಾಯಲ್ಲೂ ಒಂದಲ್ಲ ಒಂದು ದಿನ ‘ಡಿಲೇ’ ಎಂಬ ಮಾತು ಬರುತ್ತದೆ. ಹಾಡಿದ ಅಥವಾ ನುಡಿಸಿದ ಧ್ವನಿಯನ್ನು ಕ್ಷಣಕಾಲ ಹಿಡಿದಿಟ್ಟು ಮರಳಿ ಕೇಳಿಸುವ ಸಾಧನವೇ ಡಿಲೇ. ಸಭಾಂಗಣದ ಅನುರಣನವನ್ನು ಅನುಕರಿಸುವ ‘ರಿವರ್ಬ್’ ಇದಕ್ಕಿಂತ ಭಿನ್ನವಾದುದು. ಈ ವ್ಯತ್ಯಾಸವನ್ನು ತಿಳಿಯದೆ ಹಣ ತೆತ್ತವರನ್ನು ನಾವು ಕಂಡಿದ್ದೇವೆ.

ಈ ತಂತ್ರವು ಮೊದಲು ಬೆಳೆದುದು ಟೇಪಿನ ಮೇಲೆ. 1950ರ ದಶಕದಲ್ಲಿ ಅಮೆರಿಕದ ಮೆಂಫಿಸ್ ನಗರದ ಸನ್ ಸ್ಟುಡಿಯೋದಲ್ಲಿ ಸ್ಯಾಮ್ ಫಿಲಿಪ್ಸ್ ಅವರು ಎರಡು ಟೇಪ್ ರೆಕಾರ್ಡರುಗಳನ್ನು ಜೋಡಿಸಿ, ಎಲ್ವಿಸ್ ಪ್ರೀಸ್ಲಿಯ ಕಂಠದ ಬೆನ್ನಿಗೇ ಅದರ ಮರುದನಿ ಬರುವಂತೆ ಮಾಡಿದರು. ಜಪಾನಿನ ರೋಲ್ಯಾಂಡ್ ಸಂಸ್ಥೆಯ ಆರ್‌ಇ-201 ಸ್ಪೇಸ್ ಎಕೋ 1974ರಲ್ಲಿ ಬಂದಿತು. ಟೇಪು ಸವೆಯುತ್ತದೆ, ಹೆಡ್ಡುಗಳನ್ನು ಆಗಾಗ ಶುಚಿಗೊಳಿಸಬೇಕು. ಆದುದರಿಂದ ಇಂತಹ ಹಳೆಯ ಯಂತ್ರವನ್ನು ಕೊಳ್ಳುವುದು ಸಂಸಾರವಂದಿಗರಿಗೆ ಹೇಳಿದ ಕೆಲಸವಲ್ಲ.

1969ರಲ್ಲಿ ಫಿಲಿಪ್ಸ್ ಸಂಸ್ಥೆಯ ಸಂಶೋಧಕರು ‘ಬಕೆಟ್ ಬ್ರಿಗೇಡ್’ ಎಂಬ ಸಾಧನವನ್ನು ರೂಪಿಸಿದರು. ಊರಿಗೆ ಬೆಂಕಿ ಬಿದ್ದಾಗ ಜನರು ಸಾಲಾಗಿ ನಿಂತು ನೀರಿನ ಕೊಡವನ್ನು ಕೈಯಿಂದ ಕೈಗೆ ದಾಟಿಸುವಂತೆ, ಇಲ್ಲಿ ವಿದ್ಯುತ್ ಸಂಕೇತವು ಒಂದು ಕೆಪಾಸಿಟರಿನಿಂದ ಮತ್ತೊಂದಕ್ಕೆ ಸಾಗುತ್ತದೆ. ದಾಟುವಾಗ ನೀರು ತುಳುಕುವಂತೆ ಧ್ವನಿಯ ಹೊಳಪೂ ಕೊಂಚ ನಷ್ಟವಾಗಿ, ಮರುದನಿ ಮಸುಕಾಗುತ್ತದೆ. ಈ ಮಸುಕೇ ಅನಲಾಗ್ ಡಿಲೇಯ ಗುಣ. ಮೂಲ ಸ್ವರ ಮುಂದೆ ನಿಲ್ಲುತ್ತದೆ, ಮರುದನಿ ಹಿಂದೆ ಸರಿಯುತ್ತದೆ. ಬಾಸ್ ಸಂಸ್ಥೆಯ ಡಿಎಂ-2 (1981) ಈ ಜಾತಿಯದು. ಅದರ ಗರಿಷ್ಠ ಅವಧಿ 300 ಮಿಲಿಸೆಕೆಂಡ್. ಅದೇ ಸಂಸ್ಥೆಯ ಡಿಡಿ-2 (1983) ಡಿಜಿಟಲ್ ಆಗಿದ್ದು, 800 ಮಿಲಿಸೆಕೆಂಡಿನವರೆಗೆ ಬಹುತೇಕ ಮೂಲದಷ್ಟೇ ಸ್ಪಷ್ಟವಾದ ಮರುದನಿಯನ್ನು ಕೊಡುತ್ತಿತ್ತು.

ಕೊಳ್ಳುವ ಮುನ್ನ ಎಷ್ಟು ಅವಧಿ ಬೇಕೆಂಬುದನ್ನು ನಿಶ್ಚಯಿಸಿಕೊಳ್ಳಬೇಕು. ಸುಮಾರು 30 ಮಿಲಿಸೆಕೆಂಡಿನೊಳಗೆ ಮರುದನಿ ಬೇರೆಯಾಗಿ ಕೇಳಿಸದೆ ಧ್ವನಿ ದಪ್ಪಗಾಗುತ್ತದೆ. 80ರಿಂದ 120ರ ನಡುವಿನದು ಎಲ್ವಿಸ್ ಕಾಲದ ಚುರುಕು ಮರುದನಿ. 300 ದಾಟಿದರೆ ಅದು ತಾಳದ ಲೆಕ್ಕಕ್ಕೆ ಸೇರುತ್ತದೆ. ಆ ಲೆಕ್ಕ ಸರಳ: 60,000ವನ್ನು ನಿಮಿಷದ ಬೀಟುಗಳ ಸಂಖ್ಯೆಯಿಂದ ಭಾಗಿಸಿದರೆ ಒಂದು ಬೀಟಿನ ಮಿಲಿಸೆಕೆಂಡು ದೊರೆಯುತ್ತದೆ. ನಿಮಿಷಕ್ಕೆ 120 ಬೀಟಾದರೆ 500; ಅದರ ಮುಕ್ಕಾಲು 375. ಯೂ-2 ತಂಡದ ಗಿಟಾರ್ ವಾದಕ ದಿ ಎಡ್ಜ್ ಪ್ರಸಿದ್ಧಿಗೆ ತಂದುದು ಈ ಮುಕ್ಕಾಲಿನ ಲೆಕ್ಕವನ್ನೇ. ಕಾಲಿನಿಂದ ಲಯ ಒತ್ತಿ ಅವಧಿಯನ್ನು ಹೊಂದಿಸುವ ‘ಟ್ಯಾಪ್ ಟೆಂಪೋ’ ಇದ್ದರೆ ವೇದಿಕೆಯ ಮೇಲೆ ಗಣಿತ ಮಾಡಬೇಕಾದುದಿಲ್ಲ. ಇದೊಂದಕ್ಕೆ ಹೆಚ್ಚು ಹಣ ಕೊಡಬಹುದೆಂದು ನಮ್ಮ ಅಭಿಪ್ರಾಯ.

ನಮ್ಮ ರಾಗಸಂಗೀತಕ್ಕೆ ಬಂದಾಗ ಎಚ್ಚರ ಅಗತ್ಯ. ಗಮಕದಲ್ಲಿ ಸ್ವರವು ಜಾರುತ್ತಿರುವಾಗ ಹಿಂದಿನ ಸ್ವರವು ಮರುದನಿಯಾಗಿ ಉಳಿದು ಮುಂದಿನದಕ್ಕೆ ಡಿಕ್ಕಿ ಹೊಡೆಯುತ್ತದೆ. ಗಾಯಕರಿಗೆ ಇನ್ನೊಂದು ಅಪಾಯವೂ ಉಂಟು. ಸುಮಾರು 17 ಮೀಟರು ದೂರದ ಗೋಡೆಯಿಂದ ಹಿಂದಿರುಗುವ ಧ್ವನಿಯು ತಾನಾಗಿಯೇ 100 ಮಿಲಿಸೆಕೆಂಡು ತಡವಾಗಿ ಬರುತ್ತದೆ. ಅದರ ಮೇಲೆ ಯಂತ್ರದ ಮರುದನಿಯೂ ಸೇರಿದರೆ ಕವಿಯ ಮಾತುಗಳು ಕಲಸಿಹೋಗುತ್ತವೆ. ರಾಜ್ಯೋತ್ಸವದ ಒಂದು ಸಂಜೆ ಹೀಗೆಯೇ ಒಂದು ಗೀತೆಯ ಪಲ್ಲವಿಯ ಹೊರತು ಮತ್ತೇನೂ ನಮಗೆ ತಿಳಿಯಲಿಲ್ಲ. ದೂರದೂರಿನಲ್ಲಿ ಕನ್ನಡದ ಮಾತು ಕೇಳಲೆಂದೇ ಬಂದವರಿಗೆ ಇದು ಸಣ್ಣ ನಷ್ಟವಲ್ಲ. ‘ಎಕೋ ಜಾಸ್ತಿ ಮಾಡಿ’ ಎಂದು ಮೈಕ್‌ಸೆಟ್ಟಿನವರಿಗೆ ಹೇಳುವ ಮುನ್ನ, ಒಬ್ಬರನ್ನು ಸಭಾಂಗಣದ ಕೊನೆಯ ಸಾಲಿನಲ್ಲಿ ಕೂರಿಸಿ ಕೇಳಿಸಿಕೊಳ್ಳುವುದು ಒಳಿತು.

ಗಿಟಾರಿಗೆಂದು ಮಾಡಿದ ಪೆಡಲಿಗೆ ಮೈಕನ್ನು ನೇರವಾಗಿ ಜೋಡಿಸುವುದೂ ಸರಿಯಲ್ಲ. ಎರಡರ ಸಂಕೇತದ ಮಟ್ಟ ಬೇರೆ ಬೇರೆ. ಇಂದಿನ ಅನೇಕ ಸಣ್ಣ ಮಿಕ್ಸರುಗಳಲ್ಲೇ ಡಿಲೇ ಅಡಕವಾಗಿರುತ್ತದೆ. ಗಾಯಕರಿಗೆ ಬಹುಮಟ್ಟಿಗೆ ಅಷ್ಟೇ ಸಾಕು.

ಪೆಡಲುಗಳು ಹೆಚ್ಚಾಗಿ 9 ವೋಲ್ಟಿನವು, ಪ್ಲಗ್ಗಿನ ನಡುವಿನ ತುದಿ ಋಣ. ತಿರುಗುಮುರುಗಾದ ಅಡಾಪ್ಟರಿನಿಂದ ಪೆಡಲು ಸುಡಬಹುದು. ದೊಡ್ಡ ಡಿಜಿಟಲ್ ಪೆಡಲುಗಳಲ್ಲಿ ಕೆಲವು 300 ಮಿಲಿಆಂಪಿಯರ್ ಬೇಡುತ್ತವೆ; ಮನೆಯಲ್ಲಿರುವ ಅಡಾಪ್ಟರು ಅಷ್ಟನ್ನು ಒದಗಿಸಬಲ್ಲುದೇ ಎಂದು ಅದರ ಮೇಲಿನ ಬರಹ ಓದಿಕೊಂಡೇ ಅಂಗಡಿಗೆ ಹೋಗಬೇಕು. ಹಳೆಯದನ್ನು ಕೊಳ್ಳುವವರು ಪ್ರತಿಯೊಂದು ತಿರುಗುಣಿಯನ್ನೂ ತುದಿಯಿಂದ ತುದಿಗೆ ತಿರುಗಿಸಿ, ಕರಕರ ಸದ್ದು ಬರುವುದೋ ನೋಡಿ, ಆ ಬಳಿಕ ಬೆಲೆಯ ಮಾತಾಡಲಿ.