ಹೆಸರು ಒಂದು, ಹಾಡು ಐದು

ಮಾನ್ವಿಯ ಭತ್ತದ ಗದ್ದೆಯಿರಲಿ, ದೇವದುರ್ಗದ ತೊಗರಿ ಹೊಲವಿರಲಿ, ರಾಯಚೂರು ನಗರದ ಮನೆಯೊಂದರ ಹಿತ್ತಿಲೇ ಇರಲಿ, ಕತ್ತಲಾಗುತ್ತಿದ್ದಂತೆ ‘ಜೀರ್’ ಎಂಬ ದನಿ ಏಳುತ್ತದೆ. ನಾವು ಅದಕ್ಕೆ ಕೊಡುವ ಹೆಸರು ಒಂದೇ: ಜೀರುಂಡೆ. ಹಗಲಲ್ಲಿ ಮರಕ್ಕೆ ಅಂಟಿಕೊಂಡು ಕಿರುಚುವ ಬೇರೊಂದು ಕೀಟವನ್ನೂ ಹಾಗೆಯೇ ಕರೆಯುತ್ತೇವೆ. ಇದು ನಮ್ಮ ಭಾಷೆಯ ದೋಷವಲ್ಲ. ವಿಜ್ಞಾನವೂ ಮೊದಲು ಹೀಗೆಯೇ ಎಲ್ಲವನ್ನೂ ಒಂದೇ ಚೀಲಕ್ಕೆ ತುಂಬಿತ್ತು.

ಸ್ವೀಡನ್ನಿನ ಕಾರ್ಲ್ ಲಿನೆಯಸ್ ಜೀವಿಗಳಿಗೆ ಎರಡು ಪದಗಳ ಹೆಸರಿಡುವ ಪದ್ಧತಿಯನ್ನು 1758ರಲ್ಲಿ ಇಡೀ ಪ್ರಾಣಿಲೋಕಕ್ಕೆ ಅನ್ವಯಿಸಿದ. ಮಿಡತೆ, ಜೀರುಂಡೆ, ಅಷ್ಟೇಕೆ, ಕೈಮುಗಿದಂತೆ ಕೂರುವ ಸೂರ್ಯನ ಕುದುರೆಯನ್ನೂ ಆತ ‘ಗ್ರಿಲ್ಲಸ್’ ಎಂಬ ಒಂದೇ ಕುಲಕ್ಕೆ ಸೇರಿಸಿದ್ದ. ಮುಂದೆ ಬಂದವರು ಅದನ್ನು ಬಿಡಿಸುತ್ತಾ ಹೋದರು. ಜೀರುಂಡೆಯ ಪಾದದಲ್ಲಿ ಮೂರು ಗೆಣ್ಣು. ಎಲೆಯಂತೆ ಕಾಣುವ, ಉದ್ದ ಮೀಸೆಯ ಎಲೆಮಿಡತೆಗೆ ನಾಲ್ಕು. ಹೆಣ್ಣು ಜೀರುಂಡೆಯ ಮೊಟ್ಟೆ ಇಡುವ ಅಂಗ ಸಾಮಾನ್ಯವಾಗಿ ಸೂಜಿಯಂತೆ, ಎಲೆಮಿಡತೆಯದು ಕತ್ತಿಯಂತೆ.

ಭಾರತದ ಜೀರುಂಡೆಗಳನ್ನು ಹೀಗೆ ವರ್ಗೀಕರಿಸಿದವರಲ್ಲಿ ಪ್ಯಾರಿಸ್ಸಿನ ಲೂಸಿಯನ್ ಶೋಪಾರ್ (1885–1971) ಪ್ರಮುಖರು. ಅವರ ಗ್ರಂಥವನ್ನು ಭಾರತೀಯ ಪ್ರಾಣಿ ಸರ್ವೇಕ್ಷಣಾ ಸಂಸ್ಥೆ 1969ರಲ್ಲಿ ಕಲ್ಕತ್ತೆಯಿಂದ ಪ್ರಕಟಿಸಿತು. ಈ ಕೆಲಸಕ್ಕೆ ಆಧಾರ ವಸ್ತುಸಂಗ್ರಹಾಲಯಗಳ ಒಣಗಿದ ಕೀಟಗಳು. ಹೊಸ ಪ್ರಭೇದವೆಂದರೆ ಒಂದು ಮಾದರಿ ಕೀಟವನ್ನು ಸೂಜಿಗೆ ಚುಚ್ಚಿ ಕಾಪಾಡಬೇಕು, ರೆಕ್ಕೆ, ಕಾಲು, ಗಂಡಿನ ಜನನಾಂಗಗಳನ್ನು ಅಳೆದು ವರ್ಣಿಸಬೇಕು, ಹೆಸರಿಟ್ಟು ಪ್ರಕಟಿಸಬೇಕು. ಆದರೆ ಸತ್ತ ಕೀಟ ಹಾಡುವುದಿಲ್ಲ.

ಹಾಡು ಹುಟ್ಟುವುದಾದರೂ ಹೇಗೆ? ಗಂಡು ಕೀಟದ ಒಂದು ಮುಂರೆಕ್ಕೆಯ ಅಡಿಯಲ್ಲಿ ಗರಗಸದಂಥ ಹಲ್ಲುಗಳ ಸಾಲಿದೆ. ಇನ್ನೊಂದು ರೆಕ್ಕೆಯ ಅಂಚು ಅದರ ಮೇಲೆ ಉಜ್ಜಿದಾಗ ದನಿ ಬರುತ್ತದೆ. ಹೆಣ್ಣು ಕೇಳುವುದು ಮುಂಗಾಲುಗಳಲ್ಲಿರುವ ಕಿವಿಯಿಂದ! ತನ್ನ ಪ್ರಭೇದದ ತಾಳವನ್ನು ಗುರುತಿಸಿ ಗಂಡಿನತ್ತ ಹೋಗುತ್ತದೆ. ಅಂದರೆ ಆ ಹಾಡೇ ಕೀಟ ಹೊತ್ತು ತಿರುಗುವ ಹೆಸರಿನ ಫಲಕ.

ಈ ಫಲಕವನ್ನು ಓದುವ ಕೆಲಸದಲ್ಲಿ ಕರ್ನಾಟಕದ ಪಾಲು ದೊಡ್ಡದು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ರೋಹಿಣಿ ಬಾಲಕೃಷ್ಣನ್ ಮತ್ತು ವಿವೇಕ್ ನಿತ್ಯಾನಂದ ಅವರು ದಕ್ಷಿಣ ಭಾರತದ ‘ಮೆಕೊಪೋಡಾ’ ಎಂಬ ಎಲೆಮಿಡತೆಗಳನ್ನು ಅಧ್ಯಯನ ಮಾಡಿ 2006ರಲ್ಲಿ ವರದಿ ಪ್ರಕಟಿಸಿದರು. ಕಣ್ಣಿಗೆ ಎಲ್ಲವೂ ಒಂದೇ. ಧ್ವನಿಮುದ್ರಿಸಿ ನೋಡಿದರೆ ಐದು ಬೇರೆ ಬೇರೆ ಹಾಡು! ಒಂದಕ್ಕೆ ‘ಹೆಲಿಕಾಪ್ಟರ್’, ಇನ್ನೊಂದಕ್ಕೆ ‘ಟ್ರೈನ್’ ಎಂದೇ ಅಡ್ಡಹೆಸರು ಬಿತ್ತು. ಈ ಕುಲದ ‘ಮೆಕೊಪೋಡಾ ಇಲಾಂಗಟಾ’ಗೆ ಹೆಸರಿಟ್ಟವನು ಲಿನೆಯಸ್. ಆತನ ಗ್ರಂಥ ಬಂದು 248 ವರ್ಷಗಳಾದ ಮೇಲೆ, ಅದೇ ರೂಪದ ಕೀಟಗಳ ನಡುವಿನ ಗೋಡೆಗಳು ಕಿವಿಗೆ ಕೇಳಿಸಿದವು.

ಅದೇ ಸಂಸ್ಥೆಯವರು ಕುದುರೆಮುಖದ ಕಾಡಿನಲ್ಲಿ ಪಳಗಿದ ಕಿವಿಯಿಂದಲೇ ಕೀಟಗಳನ್ನು ಗುರುತಿಸಬಹುದೆಂದು 2007ರಲ್ಲಿ ತೋರಿಸಿದರು, ಹಿಡಿಯಬೇಕಿಲ್ಲ, ಕೊಲ್ಲಬೇಕಿಲ್ಲ. ಆದರೂ ಸೂಜಿಯ ಕೆಲಸ ಮುಗಿದಿಲ್ಲ. 2019ರಲ್ಲಿ ಹೊಸ ಕುಲದ ಜೀರುಂಡೆಯೊಂದಕ್ಕೆ ಆ ಕಾಡಿನ ಹೆಸರೇ ಸೇರಿ ‘ಇಂಡಿಗ್ರಿಲ್ಲಸ್ ಕುದ್ರೆಮು’ ಎಂದಾಯಿತು. ಹಾಡನ್ನು ಅಳೆಯುವಾಗ ಎಚ್ಚರವೂ ಬೇಕು. ಸೆಕೆ ಏರಿದಷ್ಟೂ ಜೀರುಂಡೆಯ ತಾಳ ಚುರುಕಾಗುತ್ತದೆ. ಅಮೆರಿಕದ ಏಮಸ್ ಡಾಲ್ಬೇರ್ 1897ರಲ್ಲೇ ಇದಕ್ಕೊಂದು ಲೆಕ್ಕ ಕೊಟ್ಟಿದ್ದ. ಆದ್ದರಿಂದ ಧ್ವನಿಮುದ್ರಿಕೆಯ ಜೊತೆ ಆ ಹೊತ್ತಿನ ಉಷ್ಣಾಂಶವನ್ನೂ ಬರೆದಿಡಬೇಕು. ರಾಯಚೂರಿನ ಬೇಸಿಗೆಯ ರಾತ್ರಿಗೂ ಚಳಿಗಾಲದ ರಾತ್ರಿಗೂ ಒಂದೇ ಅಳತೆ ಸಲ್ಲದು.

ಇಷ್ಟೆಲ್ಲ ಕಟ್ಟಿಕೊಂಡು ಮಾನ್ವಿಯ ರೈತನಿಗೇನು ಎಂದು ಕೇಳಬಹುದು. ಉತ್ತರ ತುಂಗಭದ್ರಾ ಎಡದಂಡೆ ಕಾಲುವೆಯ ಕೆಳಗಿನ ಗದ್ದೆಯಲ್ಲೇ ಇದೆ. ಸಸಿಯ ಬೇರು ಕಡಿಯುವ ಜೀರುಂಡೆಯ ಬಳಗದವರಿದ್ದಾರೆ, ನಿಜ. ಆದರೆ ಏಷ್ಯಾದ ಭತ್ತದ ಗದ್ದೆಗಳ ‘ಮೆಟಿಯೋಕೆ’ ಎಂಬ ಪುಟ್ಟ ಜೀರುಂಡೆ ಎಲೆ ಸುತ್ತುವ ಹುಳುವಿನ ಮೊಟ್ಟೆಗಳನ್ನು ತಿನ್ನುತ್ತದೆ. ‘ಕೊನೊಸೆಫಲಸ್’ ಎಂಬ ಎಲೆಮಿಡತೆ ಎಲೆಯನ್ನೂ ಮೆಲ್ಲುತ್ತದೆ, ಕಾಂಡಕೊರಕದ ಮೊಟ್ಟೆಯನ್ನೂ ಮುಗಿಸುತ್ತದೆ. ಎಲ್ಲವೂ ‘ಹುಳ’ವೇ ಎಂದುಕೊಂಡು ಔಷಧಿ ಹೊಡೆದರೆ ಕಳ್ಳನ ಜೊತೆ ಕಾವಲುಗಾರನೂ ಸಾಯುತ್ತಾನೆ. ಕಾವಲಿಲ್ಲದ ಗದ್ದೆಗೆ ಮತ್ತೆ ಔಷಧಿ, ಮತ್ತೆ ಸಾಲ.

ಹೆಸರಿಡುವುದು ಪಂಡಿತರ ಹವ್ಯಾಸವೆಂದು ತೋರಬಹುದು. ಆದರೆ ಯಾವುದನ್ನು ಉಳಿಸಬೇಕು, ಯಾವುದನ್ನು ತಡೆಯಬೇಕು ಎಂಬ ತೀರ್ಮಾನ ಶುರುವಾಗುವುದು ಅಲ್ಲಿಂದಲೇ. ಇಂದು ರಾತ್ರಿ ಕರೆಂಟ್ ಹೋದಾಗ ಹತ್ತು ನಿಮಿಷ ಹಿತ್ತಿಲಲ್ಲಿ ಕೂತು ಕೇಳಿ. ಒಂದೇ ಅನ್ನಿಸಿದ ಆ ‘ಜೀರ್’ನಲ್ಲಿ ಎಷ್ಟು ತಾಳಗಳಿವೆ ಎಂದು ಎಣಿಸಿ ನೋಡಿ.