ಮನೆ ಬಿಚ್ಚೋಕೆ ಮುಂಚೆ ಗೋಡೆನ ಕೇಳಿ

ಹೋದ ವರ್ಷ ಹೊಗೆಸೊಪ್ಪಿಗೆ ಒಸಿ ಒಳ್ಳೆ ರೇಟು ಸಿಕ್ತು. ಮಗ ಅಂದ, "ಅವ್ವ, ಮನೆ ಮೇಲೆ ಮೋಲ್ಡ್ ಹಾಕ್ಸಿ ಎರಡು ರೂಮು ಎತ್ಬುಡಮ." ನಮ್ದು ಹುಣಸೂರು ಕಡೆ ಹಳ್ಳಿ. ಮನೆ ನಮ್ಮ ಮಾವನೋರ ಅಪ್ಪ ಕಟ್ಸಿದ್ದು. ಮಣ್ಣಿನ ಗೋಡೆ, ನಡುವೆ ತೊಟ್ಟಿ, ಮೇಲೆ ಹೆಂಚು. ಮೇಸ್ತ್ರಿ ಒಂದು ಸುತ್ತು ಸುತ್ತಿ, "ಆಯ್ತದೆ ಬುಡಿ, ಎರಡೇ ತಿಂಗ್ಳು" ಅಂದ. ಕಂಬ ಒರಗಿ ಕೂತಿದ್ದ ನಮ್ಮತ್ತೆ ಕೇಳಿದ್ರು, "ಗೋಡೆನ ಕೇಳಿದ್ಯೇನಪ್ಪ?"

ಆ ಮಾತಿಗೆ ನನಗೆ ಮೈಸೂರು ನೆನಪಾಯ್ತು. ಅಲ್ಲಿ ಲ್ಯಾನ್ಸ್‌ಡೌನ್ ಕಟ್ಟಡ ಇತ್ತಲ್ಲ, ವೈಸ್‌ರಾಯ್ ಲ್ಯಾನ್ಸ್‌ಡೌನ್ ಹೆಸರಲ್ಲಿ 1892ರ ಸುಮಾರಿಗೆ ಕಟ್ಟಿದ್ದು. ಹಳೇ ಪುಸ್ತಕದ ಅಂಗಡಿಗಳೆಲ್ಲ ಅಲ್ಲೇ ಇದ್ವು. 2012ರ ಆಗಸ್ಟ್‌ನಲ್ಲಿ ಅದರ ಒಂದು ಭಾಗ ಕುಸಿದು ನಾಲ್ಕು ಜನ ಸತ್ರು. ಅದಾಗಿ ನಾಲ್ಕು ವರ್ಷಕ್ಕೆ, 2016ರ ಆಗಸ್ಟ್‌ನಲ್ಲಿ, ಪಕ್ಕದ ದೇವರಾಜ ಮಾರ್ಕೆಟ್ಟಿನ ಒಂದು ಭಾಗ ಬಿತ್ತು. ಅದೂ ದುರಸ್ತಿ ಕೆಲಸ ನಡೀತಿದ್ದಾಗ! ಆಮೇಲೆ ಒಂದು ಕಡೆಯ ತಜ್ಞರು "ಉಳಿಸ್ಕೋಬಹುದು" ಅಂದ್ರು, ಇನ್ನೊಂದು ಕಡೆಯೋರು "ಕೆಡವಿ ಕಟ್ಟಬೇಕು" ಅಂದ್ರು. ವಿಷಯ ಹೈಕೋರ್ಟಿನ ತನಕ ಹೋಯ್ತು.

ಆ ಕಾಲದ ಕಟ್ಟಡಗಳು ಇಟ್ಟಿಗೆ, ಸುಣ್ಣದ ಗಾರೆ, ಮರದ ತೊಲೆಗಳ ಮೇಲೆ ನಿಂತಿರ್ತವೆ. ಒಂದಕ್ಕೊಂದು ಆತ್ಕೊಂಡಿರ್ತವೆ. ತಾರಸಿಲಿ ನೀರು ಇಂಗಿದ್ರೆ, ಸಂದಿಲಿ ಅರಳಿಗಿಡ ಬೇರು ಬಿಟ್ರೆ, ಹೊರಗಡೆ ಚೆನ್ನಾಗೇ ಕಾಣ್ತಾ ಒಳಗೊಳಗೇ ಗಾರೆ ಪುಡಿಯಾಗ್ತದೆ. ಅಂಥದ್ದರ ಒಂದು ಕಡೆ ಬಿಚ್ಚಿದ್ರೆ ಇನ್ನೊಂದು ಕಡೆಗೆ ಆಸರೆ ತಪ್ತದೆ. ಅದಕ್ಕೇ ಮೊದಲು ಪರೀಕ್ಷೆ, ಆಮೇಲೆ ಪಿಕಾಸಿ.

ಗೋಡೆನ ಕೇಳೋದು ಒಂದಾದ್ರೆ ಜಾಗನ ಕೇಳೋದು ಇನ್ನೊಂದು. ಅದಕ್ಕೆ ನಮ್ಮ ಪಕ್ಕದ ತಾಲ್ಲೂಕೇ ಸಾಕ್ಷಿ. ಈಗಿನ ಕೆ.ಆರ್. ನಗರದ ಮೂಲ ಊರು ಎಡತೊರೆ, ಕಾವೇರಿ ದಂಡೆ ಮೇಲೆ. 1924ರಲ್ಲಿ ಕಾವೇರಿಗೆ ಬಂದ ಮಹಾಪ್ರವಾಹ ನಮ್ಮ ಹಿರೀಕರ ಬಾಯಲ್ಲಿ ಇನ್ನೂ ಅದೆ. ಹೊಳೆ ಮತ್ತೆ ಮತ್ತೆ ನುಗ್ಗೋ ಜಾಗದಲ್ಲಿ ಎಷ್ಟು ಸಲ ಗೋಡೆ ಎತ್ತಾದ್ರು? ಹೊಳೆಯಿಂದ ಈಚೆಗೆ ಹೊಸ ಊರೇ ಕಟ್ಟಿದ್ರು. ನಾಲ್ವಡಿ ಕೃಷ್ಣರಾಜ ಒಡೆಯರ ಹೆಸರಿಟ್ಟು ಕೃಷ್ಣರಾಜನಗರ ಆಯ್ತು. ಅರ್ಕೇಶ್ವರಸ್ವಾಮಿ ಮಾತ್ರ ಹಳೇ ಎಡತೊರೆಲೇ ಉಳಿದ. ಹುಟ್ಟಿದ ಮನೆ ಬುಟ್ಟು ಬರೋವಾಗ ಆ ಹೆಂಗಸ್ರ ಹೊಟ್ಟೆ ಎಷ್ಟು ಉರಿದಿರ್ಬೇಕು ಅಂತ ನನಗೆ ಅನ್ನಿಸ್ತದೆ.

ನಾವೂ ಒಬ್ಬ ವಯಸ್ಸಾದ ಗಾರೆ ಕೆಲಸದೋರನ್ನ ಕರೆಸಿದೊ. ಅವರು ಮೂಲೆಲಿ ಮೊಣಕಾಲುದ್ದ ಗುಂಡಿ ತೆಗೆಸಿ ಪಾಯ ನೋಡಿದ್ರು. ತೊಲೆ, ಜಂತೆ ತಟ್ಟಿ ನೋಡಿದ್ರು; ಗೆದ್ದಲು ತಿಂದ ಕಡೆ ಡೊಳ್ ಅಂತು. ಬಿರುಕಿಗೆ ಸುಣ್ಣ ಮೆತ್ತಿ, "ಒಂದು ಮಳೆಗಾಲ ಕಾಯಿರಿ, ಸುಣ್ಣ ಸೀಳಿದ್ರೆ ಗೋಡೆ ಇನ್ನೂ ಸರೀತಾ ಅದೆ ಅಂತ ಅರ್ಥ" ಅಂದ್ರು. ಹತ್ತು ವರ್ಷದ ಹಿಂದೆ ನಾವೇ ಆಸೆಪಟ್ಟು ಬಳಿಸಿದ್ದ ಸಿಮೆಂಟು ಕೆರೆದ್ರೆ, ಒಳಗೆ ಮಣ್ಣು ತೇವ. ಮಣ್ಣಿನ ಗೋಡೆ ಉಸಿರಾಡೋಕೆ ನಾವೇ ಬುಟ್ಟಿರ್ಲಿಲ್ಲ.

ಮಳೆಗಾಲ ಕಳೀತು. ಎರಡು ಕಡೆ ಸುಣ್ಣ ಸೀಳಿತ್ತು. ಆ ಗೋಡೆ ಕೆಳಗೇ ನಮ್ಮತ್ತೆ ಮಲಗೋದು. ಮೋಲ್ಡ್ ಹಾಕಿದ್ದಿದ್ರೆ ಅಂತ ನೆನೆಸ್ಕಂಡ್ರೆ ಈಗಲೂ ಕೈ ನಡುಗ್ತದೆ.

ಮಗ ಎರಡು ದಿನ ಮುಖ ಊದಿಸ್ಕಂಡಿದ್ದ. ಆಮೇಲೆ ಅವನೇ ಕೂತು ಲೆಕ್ಕ ಹಾಕ್ದ. ಹಿತ್ತಲಲ್ಲಿ ಬೇರೆ ಪಾಯ ತೆಗೆದು, ಪಿಲ್ಲರ್ ಎತ್ತಿ, ಹಳೇ ಗೋಡೆಗೆ ತಾಗಿಸದೆ ಎರಡು ರೂಮು. ಹಳೇ ಮನೆಗೆ ಹೊಸ ತೊಲೆ, ಸುಣ್ಣದ ಗಾರೆ, ಸೂರಿನ ನೀರು ದೂರ ಹೋಗೋಕೆ ಚರಂಡಿ. ದುಡ್ಡು ಅಲ್ಲಿಗಲ್ಲಿಗೆ ಸರಿಹೋಯ್ತು.

ಅತ್ತೆ ಈಗ್ಲೂ ಅದೇ ಕಂಬ ಒರಗಿ ಕೂತ್ಕೊತಾರೆ. ನಿಮ್ಮನೇಲೂ ಕೆಲಸ ಶುರು ಮಾಡೋ ಯೋಚ್ನೆ ಇದ್ರೆ, ಒಂದು ಮಳೆಗಾಲ ಕಾದು ನೋಡಿ ಕನ್ರವ್ವ.