ರಜ್ಜುಗ್ರಾಹಕದ ಪೂರ್ವೋತ್ತರ

ಹಗ್ಗವನ್ನು ಹಿಡಿದು ಮೇಲಕ್ಕೇರುವುದು ಮನುಷ್ಯನ ಪುರಾತನ ವಿದ್ಯೆಗಳಲ್ಲೊಂದು. ಆದರೆ ಏರುವವನ ಕೈ ಸೋತಾಗ ಹಗ್ಗವೇ ಅವನನ್ನು ಹಿಡಿದುಕೊಳ್ಳಬೇಕೆಂಬ ಯೋಚನೆಯು ಆ ವಿದ್ಯೆಯ ವಯಸ್ಸಿಗೆ ಹೋಲಿಸಿದರೆ ನಿನ್ನೆ ಮೊನ್ನೆಯದು. ಸಂಸ್ಕೃತದಲ್ಲಿ ಹಗ್ಗಕ್ಕೆ ರಜ್ಜು, ಪಾಶ, ದಾಮ, ಗುಣ ಮುಂತಾಗಿ ಅನೇಕ ನಾಮಗಳುಂಟು. ಇವುಗಳಲ್ಲಿ ‘ಗುಣ’ ಶಬ್ದವು ನೂಲಿನ ಎಳೆಗೂ ಸಲ್ಲುವುದು, ಸ್ವಭಾವದ ಮೇಲ್ಮೆಗೂ ಸಲ್ಲುವುದು. ಹಗ್ಗವನ್ನು ಆರಿಸುವವನಿಗೆ ಎರಡರ್ಥವೂ ಬೇಕು. ಮೈಸೂರಿನ ಆರ್. ಶಾಮಶಾಸ್ತ್ರಿಗಳು ೧೯೦೯ರಲ್ಲಿ ಅಚ್ಚು ಹಾಕಿಸಿ ಲೋಕಕ್ಕೆ ಒಪ್ಪಿಸಿದ ಕೌಟಿಲ್ಯನ ಅರ್ಥಶಾಸ್ತ್ರವು, ಕುಪ್ಯಾಧ್ಯಕ್ಷನು ಕಾಡಿನಿಂದ ತರಿಸಬೇಕಾದ ವಸ್ತುಗಳನ್ನು ಎಣಿಸುವಾಗ ಹಗ್ಗಕ್ಕೊದಗುವ ಮುಂಜ, ಬಲ್ಬಜಗಳೆಂಬ ಹುಲ್ಲುಗಳನ್ನು ಮರೆಯುವುದಿಲ್ಲ. ಹೊಸೆಯುವ ವಿದ್ಯೆಯು ಅಷ್ಟು ಹಳೆಯದು. ದಪ್ಪ ಹಗ್ಗದ ಮೇಲೆ ಸಣ್ಣ ಹಗ್ಗವನ್ನು ಸುತ್ತಿ ಜಗ್ಗುವ ಗಂಟನ್ನು ನಾವಿಕರೂ ಬಹುಕಾಲದಿಂದ ಬಲ್ಲವರೇ. ಆ ಗಂಟಿಗೆ ಮನುಷ್ಯನ ಪ್ರಾಣವನ್ನು ತೂಗಹಾಕುವ ಧೈರ್ಯವು ಇಪ್ಪತ್ತನೆಯ ಶತಮಾನದಲ್ಲಿ ವ್ಯಾಪಕವಾಯಿತು.

ಈ ಧೈರ್ಯದ ಈಚಿನ ಉದಾಹರಣೆಯನ್ನು ಉತ್ತರ ಅಮೆರಿಕದ ಕಾಡುಗಳಲ್ಲಿ ಕಾಣಬಹುದು. ಬಿಳಿಬಾಲದ ಜಿಂಕೆಯನ್ನು ಬೇಟೆಯಾಡುವ ಅಲ್ಲಿನ ಬಿಲ್ಲುಗಾರರಲ್ಲಿ ಕೆಲವರು ಮರಕ್ಕೆ ಅಟ್ಟಣೆಯನ್ನು ಕಟ್ಟುವುದಿಲ್ಲ. ನಡುವಿಗೂ ತೊಡೆಗೂ ಬಟ್ಟೆಯ ಜೀನನ್ನು ತೊಟ್ಟು, ಕಾಂಡಕ್ಕೆ ತಲೆಯ ಮಟ್ಟದಲ್ಲಿ ಒಂದು ಹಗ್ಗವನ್ನು ಬಿಗಿದು, ಅದಕ್ಕೆ ತಮ್ಮನ್ನು ತಗುಲಿಸಿಕೊಂಡು, ಕಾಲನ್ನು ಚಿಕ್ಕದೊಂದು ಮೆಟ್ಟಿಗೆಗೆ ಊರಿ, ಗಂಟೆಗಟ್ಟಲೆ ಒರಗಿ ತೂಗುತ್ತಿರುತ್ತಾರೆ. ಇದನ್ನು ‘ಟ್ರೀ ಸ್ಯಾಡಲ್’ ಎನ್ನುವರು. ಮರದ ಕೊಂಬೆ ಕಡಿಯುವ ವೃತ್ತಿಯವರ ಜೀನೇ ಇದರ ಹಿರಿಯಣ್ಣ. ಹತ್ತುವಾಗ ಕಾಂಡವನ್ನು ಬಳಸಿ ಬರುವ ಹಗ್ಗ ಒಂದು, ಹತ್ತಿದ ಮೇಲೆ ತೂಗುವ ಹಗ್ಗ ಇನ್ನೊಂದು. ಎರಡರ ಉದ್ದವನ್ನೂ ಹಿಗ್ಗಿಸಿ ಕುಗ್ಗಿಸಬೇಕಾಗಿರುವುದರಿಂದ ಎರಡರಲ್ಲಿಯೂ ರಜ್ಜುಗ್ರಾಹಕವೊಂದು ಬೇಕು: ಬಿಟ್ಟಾಗ ಸರಿಯಬೇಕು, ಭಾರ ಬಿದ್ದಾಗ ಕಚ್ಚಬೇಕು. ಭಾರತದಲ್ಲಿ ೧೯೭೨ರ ವನ್ಯಜೀವಿ ಸಂರಕ್ಷಣಾ ಶಾಸನವು ಬೇಟೆಯ ವಿನೋದವನ್ನು ಮುಗಿಸಿದುದರಿಂದ ಮಚಾನುಗಳ ಕಥೆಗಳು ಪುಸ್ತಕಗಳಲ್ಲಿ ಉಳಿದಿವೆಯೇ ಹೊರತು ಈ ಜೀನಿಗೆ ಇಲ್ಲಿ ಕೆಲಸವಿಲ್ಲ. ಆದರೂ ಹಗ್ಗವನ್ನು ಹಿಡಿಯುವ ಸಾಧನದ ಕಥೆಯು ಬೇಟೆಗಾರನೊಬ್ಬನ ಸ್ವತ್ತಲ್ಲ.

ಅದರ ಆದಿಪುರುಷನು, ಆಶ್ಚರ್ಯವೆಂದರೆ, ಸಂಗೀತದ ಉಪಾಧ್ಯಾಯ. ಆಸ್ಟ್ರಿಯಾ ದೇಶದ ಕಾರ್ಲ್ ಪ್ರೂಸಿಕ್ (೧೮೯೬–೧೯೬೧) ಪರ್ವತಾರೋಹಣದಲ್ಲಿಯೂ ಪ್ರಸಿದ್ಧನಾಗಿದ್ದನು. ಮೊದಲನೆಯ ಮಹಾಯುದ್ಧದ ಕಾಲದಲ್ಲಿ ವಾದ್ಯಗಳ ಹರಿದ ತಂತಿಗಳನ್ನು ಕೂಡಿಸುವುದಕ್ಕೆ ಅವನು ಒಂದು ಬಗೆಯ ಗಂಟನ್ನು ಉಪಯೋಗಿಸುತ್ತಿದ್ದನೆಂದು ಹೇಳಿಕೆಯುಂಟು. ಅದನ್ನೇ ೧೯೩೧ರಲ್ಲಿ ಅವನು ಪರ್ವತಾರೋಹಿಗಳ ಮುಂದಿಟ್ಟನು. ಹಿಮದ ಬಿರುಕಿನಲ್ಲಿ ಬಿದ್ದು ಹಗ್ಗದ ತುದಿಯಲ್ಲಿ ನೇತಾಡುವವನು, ಮೇಲೆ ಎಳೆಯುವವರಿಲ್ಲದಿದ್ದರೂ, ಎರಡು ಸಣ್ಣ ಕುಣಿಕೆಗಳ ನೆರವಿನಿಂದ ತಾನೇ ಹತ್ತಿ ಬರಬಹುದೆಂದಾಯಿತು. ಅದಕ್ಕೆ ಮುಂಚೆ ಅಂಥವನಿಗೆ ಮೇಲಿನವರ ತೋಳ್ಬಲವೊಂದೇ ಗತಿ. ಮೇಲೆ ಒಬ್ಬನೇ ಇದ್ದರೆ ಅದೂ ಸಾಲದು.

ಗಂಟಿನ ಮರ್ಮವು ಸರಳವಾದುದು. ಸಣ್ಣ ಹಗ್ಗದ ಕುಣಿಕೆಯನ್ನು ದೊಡ್ಡ ಹಗ್ಗಕ್ಕೆ ಮೂರು ಸುತ್ತು ಸುತ್ತಿ, ಕುಣಿಕೆಯನ್ನು ಅದರೊಳಗಿನಿಂದಲೇ ತೆಗೆದು ಬಿಗಿದರೆ, ಭಾರವಿಲ್ಲದಾಗ ಅದು ಮೇಲಕ್ಕೂ ಕೆಳಕ್ಕೂ ಜಾರುವುದು. ಭಾರವಾದೊಡನೆ ಸುತ್ತುಗಳು ಓರೆಯಾಗಿ ಹಿಂಡಿ ನಿಲ್ಲುವುವು. ಯಂತ್ರವಿಲ್ಲ, ಲೋಹವಿಲ್ಲ, ಘರ್ಷಣೆಯೊಂದೇ ಬಂಡವಾಳ. ಸಣ್ಣ ಹಗ್ಗವು ದೊಡ್ಡದಕ್ಕಿಂತ ತೆಳ್ಳಗಿರಬೇಕೆಂಬುದು ನಿಯಮ: ೧೧ ಮಿಲಿಮೀಟರಿನ ಹಗ್ಗಕ್ಕೆ ೬, ೭ ಅಥವಾ ೮ ಮಿಲಿಮೀಟರಿನದು. ಸಮ ದಪ್ಪವಾದರೆ ಕಚ್ಚುವುದಿಲ್ಲ. ತೀರ ತೆಳ್ಳಗಾದರೆ ಕಚ್ಚಿದ್ದು ಬಿಡುವುದಿಲ್ಲ, ಬಲವೂ ಸಾಲದು. ಹಗ್ಗವು ಒದ್ದೆಯಾಗಿ ಹೆಪ್ಪುಗಟ್ಟಿದರೆ ಹಿಡಿತ ಕೆಡುವುದು. ಹಿಡಿದ ಗಂಟು ಭಾರದಡಿಯಲ್ಲಿಯೇ ವೇಗವಾಗಿ ಜಾರತೊಡಗಿತೆಂದರೆ ಘರ್ಷಣೆಯ ಕಾವಿನಿಂದ ನೂಲೇ ಕರಗುವ ಭಯ. ಇನ್ನೊಂದು ದೋಷವು ಗಂಟಿನದಲ್ಲ, ಮನುಷ್ಯನದು: ಗಾಬರಿಯಲ್ಲಿ ಅವನ ಕೈ ಗಂಟನ್ನೇ ಹಿಡಿದುಕೊಳ್ಳುವುದು, ಮುಷ್ಟಿಯಲ್ಲಿರುವ ಗಂಟು ಬಿಗಿಯಲಾರದೆ ಅವನೊಡನೆಯೇ ಜಾರುವುದು.

ಪ್ರೂಸಿಕನ ಕಾಲದ ಹಗ್ಗವು ಸೆಣಬಿನದು, ಇಲ್ಲವೆ ಮನಿಲಾ ನಾರಿನದು. ನೀರು ಕುಡಿದು ಭಾರವಾಗುವುದು, ಒಳಗೊಳಗೇ ಕೊಳೆಯುವುದು, ಹೊರಗೆ ಕುರುಹು ತೋರದು. ೧೯೩೫ರಲ್ಲಿ ಡ್ಯುಪಾಂಟ್ ಕಂಪನಿಯ ವ್ಯಾಲೇಸ್ ಕ್ಯಾರೊಥರ್ಸ್ ಎಂಬ ರಸಾಯನಶಾಸ್ತ್ರಜ್ಞನ ಬಳಗವು ನೈಲಾನನ್ನು ಕಂಡುಹಿಡಿದ ಮೇಲೆ, ಎರಡನೆಯ ಮಹಾಯುದ್ಧದ ತರುವಾಯ ಹಗ್ಗದ ಜಾತಿಯೇ ಬದಲಾಯಿತು. ೧೯೫೩ರಲ್ಲಿ ಜರ್ಮನಿಯ ಎಡೆಲ್‌ರಿಡ್ ಕಾರ್ಖಾನೆಯವರು ಒಳಗೆ ತಿರುಳು, ಹೊರಗೆ ಹೆಣೆದ ತೊಗಲು ಇರುವ ‘ಕೆರ್ನ್‌ಮಾಂಟೆಲ್’ ಹಗ್ಗವನ್ನು ಹೊರತಂದರು. ಇಂದಿನ ಬೇಟೆಗಾರನ ಹಗ್ಗವೂ ಆ ವಂಶದ್ದೇ. ಬಲವು ತಿರುಳಿನಲ್ಲಿ, ರಕ್ಷೆಯು ತೊಗಲಿನಲ್ಲಿ; ರಜ್ಜುಗ್ರಾಹಕವು ಮುಟ್ಟುವುದು ತೊಗಲನ್ನು ಮಾತ್ರ. ಮುಂದಿನ ತೊಡಕುಗಳೆಷ್ಟೋ ಇಲ್ಲಿ ಹುಟ್ಟಿದವು.

ಗಂಟನ್ನು ಲೋಹದಲ್ಲಿ ಅನುವಾದಿಸುವ ಪ್ರಯತ್ನವು ಫ್ರಾನ್ಸಿನಲ್ಲಿ ೧೯೩೦ರ ದಶಕದಲ್ಲಿಯೇ ನಡೆದಿತ್ತು. ಆಂರಿ ಬ್ರೆನೊ ರಚಿಸಿದ ಸಾಧನವನ್ನು ಗುಹಾನ್ವೇಷಕರು ‘ಕೋತಿ’ ಎಂದೇ ಕರೆದರು. ಆದರೆ ಲೋಕಪ್ರಸಿದ್ಧಿ ಬಂದದ್ದು ೧೯೫೮ರ ‘ಜೂಮಾರ್’ ಯಂತ್ರಕ್ಕೆ. ಸ್ವಿಟ್ಜರ್ಲೆಂಡಿನಲ್ಲಿ ಹದ್ದುಗಳ ಜೀವನವನ್ನು ಅಭ್ಯಾಸ ಮಾಡುತ್ತಿದ್ದ ಅಡಾಲ್ಫ್ ಯೂಸಿ ಎಂಬಾತನು ಗೂಡುಗಳ ಬಳಿಗೆ ಹಗ್ಗದ ಮೇಲೆ ಪದೇ ಪದೇ ಹತ್ತಿಳಿಯಬೇಕಾಗಿತ್ತು. ಅವನಿಗಾಗಿ ವಾಲ್ಟರ್ ಮಾರ್ಟಿಯು ಹಲ್ಲುಳ್ಳ ತಿರುಗುಕೀಲಿನ ಹಿಡಿಯೊಂದನ್ನು ಮಾಡಿದನು. ಇಬ್ಬರ ಹೆಸರುಗಳ ಮೊದಲಕ್ಷರಗಳು ಕೂಡಿ ಜೂಮಾರ್ ಆಯಿತು. ಹಗ್ಗದ ಮೇಲೆ ಯಂತ್ರದಿಂದ ಹತ್ತುವುದಕ್ಕೆ ಅದು ಇಂಗ್ಲಿಷಿನಲ್ಲಿ ಕ್ರಿಯಾಪದವೇ ಆಗಿಬಿಟ್ಟಿದೆ. ೧೯೬೦ರ ದಶಕದಲ್ಲಿ ಅಮೆರಿಕದ ಚಾರ್ಲ್ಸ್ ಗಿಬ್ಸ್ ಇನ್ನೊಂದು ದಾರಿ ಹಿಡಿದನು. ಅವನದರಲ್ಲಿ ಭಾರವೇ ಸನ್ನೆಯಾಗಿ ಕೀಲನ್ನು ತಿರುಗಿಸಿ ಹಗ್ಗವನ್ನು ಒತ್ತುವುದು. ಮುಳ್ಳಿನಿಂದ ಚುಚ್ಚುವುದು, ಹೊಟ್ಟೆಯಿಂದ ಒತ್ತುವುದು, ಈ ಎರಡು ಪಂಥಗಳು ಇಂದಿಗೂ ನಡೆದು ಬಂದಿವೆ.

ಯಂತ್ರದ ಮೇಲಿನ ಭರವಸೆಯು ಎಲ್ಲಿ ನಿಲ್ಲಬೇಕೆಂಬುದನ್ನು ೧೯೬೬ರಲ್ಲಿ ಐಗರ್ ಪರ್ವತವು ತೋರಿಸಿತು. ಅದರ ಉತ್ತರಮುಖವನ್ನು ನೆಟ್ಟಗೆ ಏರುವ ಹೊಸ ಮಾರ್ಗಕ್ಕಾಗಿ ಅಮೆರಿಕದ ಜಾನ್ ಹಾರ್ಲಿನನ ತಂಡವೂ ಜರ್ಮನರ ತಂಡವೂ ಚಳಿಗಾಲದಲ್ಲಿ ವಾರಗಟ್ಟಲೆ ಹೆಣಗಿದುವು. ಏರಿದಷ್ಟಕ್ಕೆ ಹಗ್ಗಗಳನ್ನು ಬಿಗಿದು ಬಿಟ್ಟು, ಬಿರುಗಾಳಿ ಬಂದಾಗ ಇಳಿದು, ಮತ್ತೆ ಜೂಮಾರಿನಿಂದ ಹತ್ತುವುದು ಅವರ ಪದ್ಧತಿ. ಮಾರ್ಚ್ ೨೨ರಂದು ಡೂಗಲ್ ಹಾಸ್ಟನ್ ಎಂಬ ಸ್ಕಾಟ್‌ಲೆಂಡಿನವನು ೭ ಮಿಲಿಮೀಟರಿನ ಹಗ್ಗವೊಂದರ ಮೇಲೆ ಹತ್ತಿ ಮೇಲಿನ ನೆಲೆಯನ್ನು ಸೇರಿದನು. ಹಿಂದೆಯೇ ಹಾರ್ಲಿನ್ ಬರಬೇಕಾಗಿತ್ತು. ಕೆಳಗೆ ಕ್ಲೈನೆ ಷೈಡೆಗ್ಗಿನಲ್ಲಿ ದೂರದರ್ಶಕದಿಂದ ನೋಡುತ್ತಿದ್ದ ಪತ್ರಕರ್ತ ಪೀಟರ್ ಗಿಲ್ಮನನ ಕಣ್ಣಿಗೆ ಬಂಡೆಯ ಮುಂದೆ ಮನುಷ್ಯಾಕೃತಿಯೊಂದು ಬೀಳುತ್ತಿರುವುದು ಕಂಡಿತು. ಬಂಡೆಯ ಅಂಚಿಗೆ ತೇದು ತೇದು ಸವೆದಿದ್ದ ಹಗ್ಗವು ಹರಿದಿತ್ತು. ಹಿಡಿಯುವ ಯಂತ್ರದಲ್ಲಿ ಲೋಪವಿರಲಿಲ್ಲ, ಹಿಡಿಯುವುದಕ್ಕೆ ಹಗ್ಗವಿರಲಿಲ್ಲ. ಒಬ್ಬನನ್ನು ಆಗತಾನೇ ಹೊತ್ತ ಹಗ್ಗವು ಮುಂದಿನವನನ್ನು ಹೊತ್ತೇ ಹೊರುವುದೆಂಬ ಅನುಮಾನಕ್ಕೆ ಇಲ್ಲಿ ವ್ಯಭಿಚಾರವುಂಟೆಂದು ತಾರ್ಕಿಕರು ಹೇಳಿಯಾರು. ಮೂರು ದಿನಗಳ ಮೇಲೆ ಹಾಸ್ಟನ್ನನು ಜರ್ಮನರೊಡನೆ ಶಿಖರವನ್ನು ಮುಟ್ಟಿದನು. ಮಾರ್ಗಕ್ಕೆ ಸತ್ತವನ ಹೆಸರಾಯಿತು.

ಮರವೇರುವವನಿಗೆ ಬಂಡೆಯ ಅಂಚಿಲ್ಲ. ಆದರೆ ಒರಟು ತೊಗಟೆಯುಂಟು, ಮರಳುಂಟು, ಬಿಸಿಲುಂಟು, ಬಾಣದ ಮೊನೆಯೂ ಉಂಟು. ಆದುದರಿಂದ ಹಗ್ಗವನ್ನು ಮೊದಲು ನೋಡಿ ಹಿಡಿಯನ್ನು ಆಮೇಲೆ ನೋಡುವುದು ಯುಕ್ತವಾದ ಕ್ರಮ. ಅಂಗಡಿಗಳಲ್ಲಿ ಇದು ತಿರುಗುಮುರುಗಾಗಿರುವುದೇ ಹೆಚ್ಚು, ಲೋಹದ ಹೊಳಪಿಗೆ ಮನಸ್ಸು ಮೊದಲು ಸೋಲುವುದರಿಂದ. ಹಿಗ್ಗದ ಜಾತಿಯ ಹಗ್ಗಗಳಿಗೆ ಯೂರೋಪಿನ ಇಎನ್ ೧೮೯೧ ಎಂಬ ಪ್ರಮಾಣವುಂಟು. ಅದರ ಮೇಲ್ತರಗತಿಯ ಹಗ್ಗವು ೨೨ ಕಿಲೋನ್ಯೂಟನ್, ಎಂದರೆ ಸುಮಾರು ೨,೨೦೦ ಕಿಲೋಗ್ರಾಮಿನ ಭಾರವನ್ನು ತಾಳಬೇಕು. ಕೆಳತರಗತಿಯದು ೧೮ ಕಿಲೋನ್ಯೂಟನ್ನನ್ನು. ಹತ್ತುವ ಹಿಡಿಗಳನ್ನು ಕುರಿತ ಇಎನ್ ೫೬೭ ಪ್ರಮಾಣದ ಪರೀಕ್ಷೆಯು ೪ ಕಿಲೋನ್ಯೂಟನ್ನಿನದು. ಈ ಎರಡು ಅಂಕಗಳ ನಡುವಣ ಅಂತರವನ್ನು ಓದುಗರು ಗಮನಿಸಬೇಕು. ಹಲ್ಲುಳ್ಳ ಹಿಡಿಯು, ಹಗ್ಗ ಹರಿಯುವುದಕ್ಕೆ ಬಹಳ ಮುಂಚೆಯೇ ಅದರ ತೊಗಲನ್ನು ಸುಲಿಯಬಲ್ಲುದು. ತೂಗುವವನ ಮೈಭಾರಕ್ಕೆ ಅದು ಧಾರಾಳವಾಗಿ ಸಾಕು. ಎರಡಡಿ ಸಡಿಲು ಬಿಟ್ಟು ನಿಂತವನು ಥಟ್ಟನೆ ಬಿದ್ದರೆ ಹಿಗ್ಗದ ಹಗ್ಗವು ಆ ಆಘಾತವನ್ನು ನುಂಗಲಾರದು, ಮೈಭಾರದ ಹಲವು ಮಡಿ ಬಲವು ಒಂದೇ ಗಳಿಗೆಯಲ್ಲಿ ಹಿಡಿಯ ಮೇಲೂ ಅವನ ಬೆನ್ನಿನ ಮೇಲೂ ಬೀಳುವುದು. ತೂಗುಹಗ್ಗವನ್ನು ಎಂದೂ ಸಡಿಲ ಬಿಡಬಾರದೆಂಬ ಅವರ ಕಟ್ಟಳೆಗೆ ಕಾರಣವಿದು.

ಈಚೆಗೆ ಸಣ್ಣ ಹಗ್ಗದ ಮೋಹವೂ ಹೆಚ್ಚಿದೆ. ಪಾಲಿಎಥಿಲೀನಿನ ಡೈನೀಮಾ ನೂಲು ತೂಕಕ್ಕೆ ತೀರ ಬಲಶಾಲಿ. ಆದರೆ ಜಾರುಮೈ, ಸುಮಾರು ೧೪೫ ಡಿಗ್ರಿ ಸೆಲ್ಸಿಯಸ್ಸಿನಲ್ಲಿಯೇ ಕರಗುವುದು. ನೈಲಾನು, ಪಾಲಿಎಸ್ಟರುಗಳು ೨೨೦ನ್ನು ದಾಟುವವರೆಗೂ ನಿಲ್ಲುವುವು. ೧೯೬೫ರಲ್ಲಿ ಸ್ಟೆಫನಿ ಕ್ವೊಲೆಕ್ ಎಂಬ ವಿದುಷಿಯು ಕಂಡುಹಿಡಿದ ಕೆವ್ಲಾರಿನ ಜಾತಿಯದು ಕರಗುವುದೇ ಇಲ್ಲ, ಕರಿಕಾಗುವುದು. ಅದರಿಂದ ಘರ್ಷಣೆಯ ಗಂಟಿಗೆ ಅದು ಸೊಗಸು. ಬಿಸಿಲಿಗೂ ಮತ್ತೆ ಮತ್ತೆ ಮಡಿಸುವುದಕ್ಕೂ ಮಾತ್ರ ಆಗದು. ಪ್ರತಿಯೊಂದು ಲೋಹದ ಹಿಡಿಯ ಮೈಮೇಲೂ ಎಷ್ಟು ದಪ್ಪದ ಹಗ್ಗಕ್ಕೆ ಅದು ತಕ್ಕದ್ದೆಂದು ಕೆತ್ತಿರುವುದು. ಆ ಅಂಕವನ್ನು ಓದದೆ ೮ ಮಿಲಿಮೀಟರಿನ ಹಗ್ಗಕ್ಕೆ ೧೧ರ ಹಿಡಿಯನ್ನು ತೊಡಿಸಿದವನು ಮರದಡಿಯಲ್ಲಿಯೇ, ನೆಲದಿಂದ ಒಂದಡಿ ಎತ್ತರದಲ್ಲಿ ತೂಗಿ ಪರೀಕ್ಷಿಸಿದರೆ ಒಳ್ಳೆಯದು.

ಅನುಭವಿಗಳು ಹಗ್ಗದ ತುದಿಗೆ ದಪ್ಪನೆಯ ಗಂಟೊಂದನ್ನು ಹಾಕುತ್ತಾರೆ, ಹಿಡಿಯು ಜಾರಿ ತುದಿಯಿಂದ ಕಳಚದಿರಲೆಂದು. ಲೋಹದ ಹಿಡಿಯ ಕೆಳಗೋ ಮೇಲೋ ಪ್ರೂಸಿಕನ ಗಂಟನ್ನು ಎರಡನೆಯ ಕಾವಲಾಗಿ ಕಟ್ಟುವವರೂ ಉಂಟು. ಮತ್ತೆ ಕೆಲವರು ಲೋಹವನ್ನು ಬಿಟ್ಟು ಬರಿಯ ಗಂಟನ್ನೇ ನಂಬುತ್ತಾರೆ: ಚಳಿಯ ಮುಂಜಾನೆ ಜಿಂಕೆಯು ಹತ್ತು ಮಾರು ದೂರಕ್ಕೆ ಬಂದಾಗ ಸಂಗೀತದ ಮೇಷ್ಟರ ಆ ಗಂಟು ಸದ್ದು ಮಾಡುವುದಿಲ್ಲ.